ಎಂಟನೆಯ ಭಾಷೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೋಳಿಸೋಡಾ,

ನಿನ್ನ ಮೆಸೇಜು ಬಂದು ಹನ್ನೊಂದು ದಿನ ಆಯ್ತು. ನೀವಿಬ್ಬರೂ ದತ್ತು ತೆಗೆದುಕೊಳ್ಳಲು ಸರಕಾರದ ದತ್ತು ಸಂಸ್ಥೆ ಕಾರಾದ ಪೋರ್ಟಲ್‌ನಲ್ಲಿ ಹೆಸರು ಬರೆಸಿದ್ದೀರಿ ಅಂತ ಓದಿ ಒಬ್ಬಳೇ ಕೂತು ನಕ್ಕೆ, ಖುಷಿಗೆ. ಕೊನೆಗೆ ಒಂದು ಸಾಲು ಇತ್ತು: "ಬೇರೆ ರಾಜ್ಯದ ಮಗು ಬಂದರೆ ಕಷ್ಟ ಆಗುತ್ತಾ?" ನಾಲ್ಕು ಸಲ ಉತ್ತರ ಟೈಪ್ ಮಾಡಿ ಅಳಿಸಿದೆ. ಫೋನಿನಲ್ಲಿ ಹೇಳುವಂಥದ್ದಲ್ಲ. ಇಲ್ಲಿ ಎಲ್ಲರೂ ಓದುವ ಹಾಗೆ ಹಾಕಲಾ ಅಂತ ಕೇಳಿದೆ, ನೀನು ಹಾಕು ಅಂದೆ. ಇದೇ ಪ್ರಶ್ನೆ ಇಟ್ಟುಕೊಂಡು ಕೂತವರು ಬೇರೆಯವರೂ ಇರಬಹುದು, ಅಲ್ವಾ. ಮಗಳ ಹೆಸರು ಮಾತ್ರ ಬರೆಯುವುದಿಲ್ಲ. ಅದು ಅವಳದ್ದು.

ಅವಳು ನಮ್ಮ ಮನೆಗೆ ದತ್ತು ಬಂದದ್ದು 2023ರ ಮಳೆಗಾಲದಲ್ಲಿ, ನಿನಗೆ ಗೊತ್ತು. ಒಂದು ಸಂಜೆ ಫೋಟೋ ಬಂತು, ವೈದ್ಯಕೀಯ ವರದಿ ಬಂತು, ಮಗುವಿನ ಬಗ್ಗೆ ಒಂದು ಚಿಕ್ಕ ವರದಿ ಬಂತು. ಹೂಂ ಅನ್ನಲು 48 ಗಂಟೆ. ವೈದ್ಯಕೀಯ ವರದಿಯನ್ನು ಮೂರು ಸಲ ಓದಿದೆವು, ಡಾಕ್ಟರಿಗೆ ತೋರಿಸಿದೆವು, ರಕ್ತದ ಅಂಕಿಗಳನ್ನೆಲ್ಲ ಗೂಗಲ್ ಮಾಡಿದೆವು. ಇನ್ನೊಂದು ವರದಿಯಲ್ಲಿ "ಮಾತಾಡುವ ಭಾಷೆ: ಒಡಿಯಾ" ಅಂತ ಒಂದು ಸಾಲು ಇತ್ತು. ಅದನ್ನು ಯಾರೂ ಎರಡನೇ ಸಲ ಓದಲಿಲ್ಲ.

ಆಗ ಅವಳಿಗೆ ನಾಲ್ಕೂವರೆ ವರ್ಷ. ಊಟಕ್ಕೆ ಕೂತರೆ ಬಟ್ಟಲು ಮುಂದೆ ಹಿಡಿದು "ಆಉ ಟಿಕೆ" ಅನ್ನುತ್ತಿದ್ದಳು. ಇನ್ನು ಸ್ವಲ್ಪ ಅಂತ. ನಾನು ಬಡಿಸುತ್ತಾ "ಇನ್ನು ಚೂರು ಅನ್ನು ಮಗಾ" ಅನ್ನುತ್ತಿದ್ದೆ. ಹೇಳಿದರೆ ಮಾತ್ರ ಬಡಿಸುತ್ತಿದ್ದ ದಿನಗಳೂ ಇವೆ. ದೀಪಾವಳಿ ಹೊತ್ತಿಗೆ "ಇನ್ನು ಚೂರು" ಬಂತು. ಒಂದು ವರ್ಷ ಆಗುವಾಗ ಅತ್ತೆಯ ಹತ್ತಿರ ತುಳು, ನನ್ನ ಹತ್ತಿರ ಕನ್ನಡ, ಪಕ್ಕದ ಮನೆಯ ಮಕ್ಕಳ ಹತ್ತಿರ ಮಲಯಾಳ. ಮದುವೆ ಮನೆಗಳಲ್ಲಿ ಎಲ್ಲರೂ ಅದನ್ನೇ ಹೊಗಳಿದರು. "ಎಷ್ಟು ಬೇಗ ನಮ್ಮವಳಾದಳು!" ನಾನು ಎಷ್ಟು ಉಬ್ಬಿದ್ದೆ ಅಂತ ಹೇಳಲಾರೆ.

ಹೋದ ತಿಂಗಳು ಪೆರ್ಲ ಪೇಟೆಯ ಅಂಗಡಿಯೊಂದರಲ್ಲಿ ನಿಂತಿದ್ದೆವು. ಮುರಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುವ ಗಂಡ ಹೆಂಡತಿ ಪಕ್ಕದಲ್ಲಿ ಅಕ್ಕಿ ತೂಗಿಸುತ್ತಿದ್ದರು. ಅವರು ಮಾತಾಡಿದ್ದು ಒಡಿಯಾ. ನನಗೆ ಈಗ ಆ ರಾಗ ಗೊತ್ತಾಗುತ್ತದೆ. ಆ ಹೆಂಗಸು ಬಗ್ಗಿ ಮಗಳನ್ನು ಕೇಳಿದಳು, "ತೋ ನಾ ಕಣ?" ನಿನ್ನ ಹೆಸರೇನು ಅಂತ. ಮಗಳು ಅವಳ ಮುಖ ನೋಡಿದಳು. ತುಟಿ ನೋಡಿದಳು. ಉತ್ತರ ಕೊಡಲಿಲ್ಲ, ನನ್ನ ಸೆರಗಿನ ಹಿಂದೆಯೂ ಅಡಗಲಿಲ್ಲ. ಸುಮ್ನೆ ನಿಂತಳು, ಬಾಗಿಲ ಆಚೆ ಯಾರೋ ಕರೆದ ಹಾಗಾಗಿ ಕಿವಿಗೊಡುತ್ತೇವಲ್ಲ, ಹಾಗೆ. ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಸೊಟ್ಟಗೆ ಆಗುವಷ್ಟು ಬಿಗಿಯಾಗಿ ಹಿಡಿದಿದ್ದಳು.

ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು. "ಅಮ್ಮಾ, ಆ ಆಂಟಿ ಯಾವ ಭಾಷೆ ಮಾತಾಡಿದ್ದು? ನಂಗೆ ಗೊತ್ತಿತ್ತಲ್ಲ ಅದು?"

ಗೊತ್ತಿತ್ತಲ್ಲ. ಆ "ಇತ್ತು" ನನ್ನನ್ನು ಇನ್ನೂ ಬಿಟ್ಟಿಲ್ಲ.

ನಿದ್ದೆ ಬರಲಿಲ್ಲ, ಓದುತ್ತಾ ಕೂತೆ. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲಿನ ದಶಕಗಳಲ್ಲಿ ಅಲ್ಲಿನ ಲಕ್ಷಕ್ಕೂ ಜಾಸ್ತಿ ಮಕ್ಕಳು ಅಮೆರಿಕ, ಯುರೋಪಿನ ಮನೆಗಳಿಗೆ ದತ್ತು ಹೋದರು, ಹೆಚ್ಚಿನವರು ಬಿಳಿಯರ ಮನೆಗಳಿಗೆ. 3ರಿಂದ 8 ವರ್ಷದೊಳಗೆ ಫ್ರಾನ್ಸಿಗೆ ಹೋದ ಕೆಲವರಿಗೆ ದೊಡ್ಡವರಾದ ಮೇಲೆ ಕೊರಿಯನ್ ಕೇಳಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. 2003ರ ಅಧ್ಯಯನ ಅದು. ಗುರುತೇ ಸಿಗಲಿಲ್ಲ, ಯಾವುದೋ ಪರಭಾಷೆ ಕೇಳಿದ ಹಾಗೇ ಇತ್ತು. ಓದಿ ಎದೆ ಧಸಕ್ಕೆಂದಿತು. ಆಮೇಲೆ ಇನ್ನೊಂದು ಸಿಕ್ಕಿತು, 2017ರದ್ದು. ಹಾಲೆಂಡಿನಲ್ಲಿ ಬೆಳೆದ ಕೊರಿಯಾ ಮೂಲದವರಿಗೆ ಆ ಭಾಷೆಯ ಧ್ವನಿಗಳನ್ನು ಮತ್ತೆ ಕಲಿಸಿದಾಗ ಅವರು ಉಳಿದವರಿಗಿಂತ ಚೆನ್ನಾಗಿ ಹಿಡಿದರಂತೆ. ಒಂದು ಮಾತೂ ನೆನಪಿಲ್ಲದವರು! ಅಂದರೆ ತಳದಲ್ಲಿ ಏನೋ ಉಳಿದಿರುತ್ತದೆ. ಆ ಒಂದು ಪುಟ ಇಟ್ಟುಕೊಂಡು ಬೆಳಗು ಮಾಡಿದೆ.

ಆ ಮಕ್ಕಳಲ್ಲಿ ಬಹಳ ಜನ ದೊಡ್ಡವರಾಗಿ ಒಂದೇ ಮಾತು ಹೇಳಿದ್ದಾರೆ. ಅಪ್ಪ ಅಮ್ಮ ಪ್ರೀತಿಯಿಂದಲೇ "ನಮಗೆ ನಿನ್ನ ಬಣ್ಣ ಕಾಣುವುದೇ ಇಲ್ಲ" ಅಂದರು, ಆದರೆ ಶಾಲೆಗೆ ಕಂಡಿತು, ಬೀದಿಗೆ ಕಂಡಿತು. ಮನೆಗೆ ಬಂದು ಅದನ್ನು ಹೇಳಲು ಜಾಗ ಇರಲಿಲ್ಲ. ನನ್ನ ಮಗಳನ್ನು ಕ್ಲಾಸಿನ ಹುಡುಗನೊಬ್ಬ "ನೀನು ಬಂಗಾಳಿ" ಅಂದಿದ್ದ. ಉತ್ತರದಿಂದ ದುಡಿಯಲು ಬಂದವರೆಲ್ಲ ನಮ್ಮಲ್ಲಿ ಬಂಗಾಳಿಗಳೇ, ನೋಡು. ನಾನು ಅವಳನ್ನು ತಬ್ಬಿಕೊಂಡು "ಅಲ್ಲ ಮಗಾ, ನೀನು ನಮ್ಮವಳು" ಅಂದೆ. ಅವಳು ಬಂದ ಊರಿನ ಹೆಸರು ಹೇಳಲಿಲ್ಲ. ಅವನ ಮಾತಿನಲ್ಲಿ ಏನು ತಪ್ಪು, ಏನು ಸರಿ ಅಂತಲೂ ಹೇಳಲಿಲ್ಲ. ಬಂಗಾಳಿ ಅನ್ನುವುದು ಅಳಿಸಬೇಕಾದ ಕಲೆ ಅನ್ನುವ ಹಾಗೆ ಒರೆಸಿಬಿಟ್ಟೆ.

ನಾವಿಬ್ಬರೂ 2017ರಲ್ಲಿ ಬಿಸಿಲಲ್ಲಿ ನಿಂತು ಘೋಷಣೆ ಕೂಗಿದ್ದು ನೆನಪಿದೆಯಾ? ಶಾಲೆಯಲ್ಲಿ ಮಲಯಾಳ ಕಡ್ಡಾಯ ಅಂತ ಕಾನೂನು ಬಂದಾಗ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇಲ್ಲಿನ ಕನ್ನಡದವರು ಕೇಳುತ್ತಿರುವುದು ಒಂದೇ ಪ್ರಶ್ನೆ. ಯಾರೋ ಗೆರೆ ಎಳೆದರು ಅಂತ ನಮ್ಮ ಮನೆಮಾತು ಬದಲಾಗಬೇಕಾ? ಪ್ರತಿ ಭಾಷಣದಲ್ಲೂ ಬರುತ್ತದೆ, "ಮಲತಾಯಿ ಧೋರಣೆ". ಚಿಕ್ಕಂದಿನಿಂದ ಆ ಮಾತಿಗೆ ಚಪ್ಪಾಳೆ ತಟ್ಟಿದ್ದೇನೆ. ಅದೇ ನಾನು ಶಾಲೆಯ ಫಾರಂನಲ್ಲಿ ಮಾತೃಭಾಷೆ ಅನ್ನುವ ಕಡೆ ಪೆನ್ನು ಎತ್ತದೆ "ಕನ್ನಡ" ಅಂತ ಬರೆದೆ. ಅವಳ ಬದುಕಿನಲ್ಲೂ ಒಂದು ಆದೇಶ ಬಂದು ಗೆರೆ ಬದಲಾಗಿತ್ತಲ್ಲ. ಸಪ್ತಭಾಷಾ ಸಂಗಮ ಭೂಮಿ ಅಂತ ಹೇಳಿಕೊಳ್ಳುವ ಊರು ನಮ್ಮದು. ಎಂಟನೆಯದಕ್ಕೆ ನನ್ನ ಅಡುಗೆಮನೆಯಲ್ಲಿ ಒಂದು ಮಣೆ ಹಾಕಬಹುದಿತ್ತು.

ಇನ್ನೊಂದಿದೆ. ಇದನ್ನು ಮನೆಯಲ್ಲೂ ಹೇಳಿಲ್ಲ.

ಮೊದಲ ವಾರಗಳಲ್ಲಿ ಅವಳು ರಾತ್ರಿ ಎದ್ದು "ಮಾಉಸಿ" ಅಂತ ಅಳುತ್ತಿದ್ದಳು. ಸಂಸ್ಥೆಯಲ್ಲಿ ಅವಳನ್ನು ಎತ್ತಿ ಆಡಿಸಿದ ಹೆಂಗಸು. ಬೇಕಾದರೆ ಫೋನಿನಲ್ಲಿ ಮಾತಾಡಿಸುತ್ತೇವೆ ಅಂತ ಅವರೇ ಹೇಳಿದ್ದರು. ಮಗು ಈಗ ಹೊಂದಿಕೊಳ್ಳುತ್ತಿದೆ, ಆಮೇಲೆ ನೋಡೋಣ ಅಂತ ನಾನೇ ಮುಂದೆ ಹಾಕಿದೆ. ಒಂದು ರಾತ್ರಿ ಅವಳು ಎದ್ದು "ಅಮ್ಮಾ" ಅಂದಳು. ಮರುದಿನ ನಾನು ಪಾಯಸ ಮಾಡಿದೆ. ಯಾಕೆ ಪಾಯಸ ಅಂತ ಎಲ್ಲರೂ ಕೇಳಿದರು, ಸುಮ್ನೆ ಅಂದೆ. ಅವಳು ಮರೆತದ್ದಕ್ಕೆ ಪಾಯಸ, ಕಣೋ. ಆ ಭಾಷೆ ಹೋದರೆ ಆ ಹೆಂಗಸೂ ಹೋಗುತ್ತಾಳೆ, ಆಮೇಲೆ ನಾನೊಬ್ಬಳೇ ಅಂತ ನನಗೆ ಒಳಗೊಳಗೇ ಆಸೆ ಇತ್ತು. ಮೊದಲ ಎರಡು ವರ್ಷ ಆರು ತಿಂಗಳಿಗೊಮ್ಮೆ ವಿಚಾರಿಸಲು ಬರುವ ಸಮಾಜ ಕಾರ್ಯಕರ್ತೆ "ಹಳೇದು ಏನಾದರೂ ಮಾತಾಡುತ್ತಾಳಾ?" ಅಂತ ಕೇಳಿದಾಗ "ಏನೂ ಇಲ್ಲ" ಅಂತ ಹೆಮ್ಮೆಯಿಂದ ಬರೆಸಿದ್ದೆ.

ಇಷ್ಟು ಬರೆಯಬೇಕು ಅಂತ ಕೂತದ್ದಲ್ಲ. ಅಳಿಸುವುದಿಲ್ಲ, ಇರಲಿ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಬೇರೆ ರಾಜ್ಯದ ಮಗು ಬರಲಿ, ಭಯಪಡಬೇಡ. ಕರೆದುಕೊಂಡು ಬರುವ ಮೊದಲು ಅಲ್ಲಿ ಎರಡು ದಿನ ಜಾಸ್ತಿ ಉಳಿ. ಮಗುವನ್ನು ನೋಡಿಕೊಂಡವರ ದನಿ ರೆಕಾರ್ಡ್ ಮಾಡಿಕೋ. ಅವರು ಮಲಗಿಸಲು ಏನು ಹಾಡುತ್ತಾರೆ, ಅನ್ನಕ್ಕೆ ಏನು ಕಲಸುತ್ತಾರೆ ಅಂತ ಕೇಳು. ಹಸಿವು, ನೋವು, ಭಯ, ಸಾಕು, ಇಷ್ಟಾದರೂ ಮಾತು ಆ ಭಾಷೆಯಲ್ಲಿ ನೀನು ಕಲಿ. ಉಟ್ಟು ಬಂದ ಬಟ್ಟೆ ಒಗೆದು ಎತ್ತಿಡು. 18 ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅವಳೇ ಅರ್ಜಿ ಹಾಕಬಹುದು, ನಿಯಮ ಇದೆ. ಆದರೆ ಅಷ್ಟು ವರ್ಷ ಮನೆಯಲ್ಲಿ ಆ ಮಾತೇ ಎತ್ತದೆ ಇದ್ದರೆ ಅವಳು ಎಲ್ಲಿಂದ ಹುಡುಕಲು ಶುರು ಮಾಡಬೇಕು ಹೇಳು.

ನಾವು ತಡವಾಗಿ ಶುರು ಮಾಡಿದ್ದೇವೆ. ಸಂಸ್ಥೆಗೆ ಫೋನ್ ಮಾಡಿದೆ. ಆ ಮಾಉಸಿ ಈಗ ಅಲ್ಲಿ ಕೆಲಸದಲ್ಲಿಲ್ಲ. ನಂಬರು ಹುಡುಕಿ ಕೊಡುತ್ತೇವೆ ಅಂದಿದ್ದಾರೆ, ದಿನಾ ಕಾಯುತ್ತೇನೆ. ಕ್ವಾರಿಯ ಆ ದಂಪತಿಯನ್ನು ಹೋದ ಭಾನುವಾರ ಊಟಕ್ಕೆ ಕರೆದಿದ್ದೆವು. ಆ ಹೆಂಗಸು ಹಿಂದಿನ ಸಂಜೆಯೇ ಬಂದು ಅನ್ನಕ್ಕೆ ನೀರು ಹಾಕಿಟ್ಟು ಹೋಗಿದ್ದಳು. ಪಖಾಳ ಅನ್ನುತ್ತಾರೆ. ನಮ್ಮ ಅತ್ತೆ ಇಣುಕಿ "ಇದು ನಮ್ಮ ತಂಗಳನ್ನವೇ ಅಲ್ವಾ" ಅಂದು ಉಪ್ಪಿನಕಾಯಿ ಭರಣಿ ತೆಗೆದರು. ಮೊಸರು, ಹಸಿಮೆಣಸು, ಈರುಳ್ಳಿ. ಮಗಳು ಬಟ್ಟಲೆತ್ತಿ ತಿಳಿಯನ್ನು ಪೂರ್ತಿ ಕುಡಿದಳು. ಮುಂದೆ ಹಿಡಿದು "ಇನ್ನು ಚೂರು" ಅಂದಳು. ಆ ಹೆಂಗಸಿಗೆ ಅರ್ಥವಾಗಲಿಲ್ಲ. ಬಟ್ಟಲು ನೋಡಿ "ಆಉ ಟಿಕೆ?" ಅಂತ ಕೇಳಿದಳು.

ಮಗಳು ನನ್ನ ಮುಖ ನೋಡಿದಳು. ಹೇಳಬಹುದಾ ಅಂತ ಕೇಳುವ ಹಾಗೆ. ನಾನು ತಲೆ ಆಡಿಸಿದೆ.

ಮಳೆ ಜೋರಾಯ್ತು, ಫೋನಿನಲ್ಲಿ ಚಾರ್ಜು ಮುಗಿಯುತ್ತಾ ಬಂತು. ನಿನ್ನ ಹೆಂಡತಿಗೆ ನನ್ನ ನಂಬರು ಕೊಡು, ಯಾವ ಹೊತ್ತಿಗೂ ಮಾಡಲಿ. ಮಗು ಬಂದ ಮೇಲೆ ಎಲ್ಲರೂ ಬನ್ನಿ, ಹಲಸಿನ ಹಪ್ಪಳ ಎತ್ತಿಟ್ಟಿದ್ದೇನೆ. ಕುಂಬಳೆ ಬಸ್ಸಿನ ಕೊಡೆ ಇನ್ನೂ ನಮ್ಮಲ್ಲೇ ಇದೆ. ಅದನ್ನು ಮಾತ್ರ ಕೊಡುವುದಿಲ್ಲ.

ನಿನ್ನ,
ಹಿಂದಿನ ಬೆಂಚಿನವಳು