ಗೆಳೆಯನಿಗೊಂದು ಪತ್ರ: ಮೂರನೆಯ ಸಂಕೋಚ

ಪ್ರಿಯ ಗೆಳೆಯಾ,

‘ನಿನ್ನ ಪತ್ರಿಕೆ ಕಡಲು ದಾಟಿದೆಯಂತೆ, ಇನ್ನು ನಮ್ಮನ್ನು ಮಾತನಾಡಿಸುತ್ತೀಯೋ ಇಲ್ಲವೋ’ ಎಂದು ಕೆಣಕಿದ್ದೀಯಲ್ಲ, ಅದಕ್ಕೇ ಈ ಉತ್ತರ.

ನಮ್ಮ ಜಾಲತಾಣಕ್ಕೆ ಯಾವ ಯಾವ ದೇಶದಿಂದ ಜನ ಬಂದರೆಂದು ನೀಲಿ ಬಣ್ಣದಲ್ಲಿ ತೋರಿಸುವ, ನೀನು ನೋಡಿದ ಆ ಭೂಪಟವನ್ನು ನಂಬಬೇಡ. ಒಂದು ದೇಶದಿಂದ ಒಬ್ಬನೇ ಒಬ್ಬ ಇಣುಕಿ ಹೋದರೂ ಅದು ಇಡೀ ದೇಶಕ್ಕೆ ಬಣ್ಣ ಬಳಿದುಬಿಡುತ್ತದೆ. ಕೆನಡಾದಲ್ಲಿ ಯಾರೋ ಕೈತಪ್ಪಿ ಒತ್ತಿದ್ದಕ್ಕೆ ಉತ್ತರ ಅಮೆರಿಕದ ಮೇಲ್ಭಾಗವೆಲ್ಲ ನಮ್ಮದಾಯಿತು. ಮೊದಲ ವಾರ ನಾನೂ ಬೀಗಿದೆ, ಸುಳ್ಳೇಕೆ ಹೇಳಲಿ. ಆಮೇಲೆ ಬಂದವರು ಎಷ್ಟು ಹೊತ್ತು ನಿಂತರು ಎಂದು ನೋಡಿದೆ. ಹೆಚ್ಚಿನವರು ಶೀರ್ಷಿಕೆಯನ್ನೂ ಪೂರ್ತಿ ಓದಿದಂತಿಲ್ಲ.

ಐಎಸ್‌ಎಸ್‌ಎನ್ ಸಿಕ್ಕಾಗಲೂ ಹೀಗೆಯೇ, ಪ್ರಶಸ್ತಿ ಬಂತೇನೋ ಎಂಬಂತೆ ಅಭಿನಂದನೆಗಳು. ಅದು ನಿಯತಕಾಲಿಕೆಗಳಿಗೆ ಕೊಡುವ ಎಂಟು ಸ್ಥಾನಗಳ ಗುರುತಿನ ಸಂಖ್ಯೆ ಅಷ್ಟೇ. ಒಳಗಿನ ಕವಿತೆ ಹೇಗಿದೆ ಎಂದು ಅದು ಕೇಳುವುದಿಲ್ಲ. ಕೊನೆಯ ಅಂಕಿ ಮಾತ್ರ ನನಗೆ ಇಷ್ಟ. ಉಳಿದ ಏಳನ್ನು ಬರೆಯುವಾಗ ಆದ ತಪ್ಪನ್ನು ಹಿಡಿಯುವುದೇ ಅದರ ಕೆಲಸ. ಕರಡು ತಿದ್ದುವ ನಮಗೂ ಅಂಥದೊಂದು ಅಂಕಿ ಇರಬೇಕಿತ್ತು!

ನಿಜವಾಗಿ ಕಡಲು ದಾಟುವುದೆಂದರೆ ಬೇರೆಯೇ. ಹ್ಯಾರಿಯೆಟ್ ಮನ್ರೋ ಎಂಬಾಕೆ ಶಿಕಾಗೋದಲ್ಲಿ ‘ಪೊಯೆಟ್ರಿ’ ಎಂಬ ಕವಿತೆಗಳ ಪತ್ರಿಕೆ ಆರಂಭಿಸಿದ್ದು 1912ರ ಅಕ್ಟೋಬರಿನಲ್ಲಿ. ಡಿಸೆಂಬರಿನ ಸಂಚಿಕೆಯಲ್ಲೇ ರವೀಂದ್ರನಾಥ ಠಾಕೂರರ ಆರು ಕವಿತೆಗಳಿದ್ದವು. ಅವರಿಗೆ ನೊಬೆಲ್ ಬಂದದ್ದು ಮರುವರ್ಷ ನವೆಂಬರಿನಲ್ಲಿ. ಮೂರು ತಿಂಗಳ ಕೂಸು ಪತ್ರಿಕೆಗೆ ಇದು ದಕ್ಕಿದ್ದು ಹೇಗೆ? ಲಂಡನ್ನಿನಲ್ಲಿ ಕವಿ ಎಜ್ರಾ ಪೌಂಡ್ ಅದರ ವಿದೇಶಿ ಪ್ರತಿನಿಧಿಯಾಗಿದ್ದ. ಆ ಕವಿತೆಗಳು ಅವನನ್ನು ಹಿಡಿದವು. ಇವನ್ನು ಹಾಕಲೇಬೇಕು ಎಂದು ಮನ್ರೋಗೆ ಬರೆದ. ದೂರದಲ್ಲಿ ಕೂತು ಹಾಗೆ ಹಟ ಹಿಡಿಯುವ ಒಬ್ಬರು ಸಿಕ್ಕರೆ ಸಾಕು, ನಕ್ಷೆ ಬೆಳ್ಳಗಿದ್ದರೂ ಚಿಂತೆಯಿಲ್ಲ.

ನಮಗೂ ಒಬ್ಬರು ಸಿಕ್ಕಿದ್ದಾರೆ, ಗೆಳೆಯಾ. ನಾನು ಇಷ್ಟೆಲ್ಲ ಸುತ್ತಿ ಬಂದದ್ದು ಇದನ್ನು ಹೇಳುವುದಕ್ಕೇ. ಮೊನ್ನೆ ಒಬ್ಬ ಅನುವಾದಕಿಯಿಂದ ಇಮೇಲ್ ಬಂತು. ಹೊಗಳಿಕೆಯ ಒಂದು ಸಾಲೂ ಇಲ್ಲ, ನೇರವಾಗಿ ಪ್ರಶ್ನೆ. ನಿನ್ನ ಕವಿತೆಯಲ್ಲಿ ‘ಸಂಕೋಚ’ ಮೂರು ಸಲ ಬರುತ್ತದೆಯಂತೆ. ಬಾಗಿಲ ಬಳಿಯದು ಹಿಂಜರಿಕೆ, ಕನ್ನಡಿಯ ಮುಂದಿನದು ನಾಚಿಕೆ, ಅಷ್ಟು ಅವರಿಗೆ ತಿಳಿದಿದೆ. ಕೊನೆಯ ಸಾಲಿನದಕ್ಕೆ ಎರಡೂ ಒಗ್ಗುತ್ತಿಲ್ಲ. ಕುಗ್ಗುವುದು ಎಂಬ ಮೂಲ ಅರ್ಥವೇ ಅಲ್ಲಿದೆಯೇ ಎಂದು ಕೇಳಿದ್ದಾರೆ. ಅವರ ಭಾಷೆಯಲ್ಲಿ ಮೂರಕ್ಕೂ ಸಲ್ಲುವ ಒಂದೇ ಪದವಿಲ್ಲ. ಒಂದೇ ಪದವಿಟ್ಟರೆ ಅರ್ಥ ತಪ್ಪುತ್ತದೆ, ಮೂರು ಇಟ್ಟರೆ ಕವಿತೆಯ ಸದ್ದು ಹೋಗುತ್ತದೆ.

ಆ ಸಂಚಿಕೆಯ ಕರಡನ್ನು ನಾನು ನಾಲ್ಕು ಸಲ ಓದಿದ್ದೆ. ಬಿಟ್ಟುಹೋದ ಒತ್ತಕ್ಷರಗಳನ್ನು ಹುಡುಕುತ್ತಿದ್ದೆನೇ ಹೊರತು ಆ ಪದ ಮೂರು ಸಲ ಬಂದಿದೆಯೆಂದು ಹೊಳೆಯಲೇ ಇಲ್ಲ. ನಮ್ಮ ಇಷ್ಟು ವರ್ಷಗಳ ಓದುಗರಲ್ಲಿ ಯಾರೂ ಕೇಳಲೂ ಇಲ್ಲ.

ಮೊದಲ ಎರಡರ ಬಗ್ಗೆ ನೀವು ಹೇಳಿದ್ದು ಸರಿ ಎಂದು ಉತ್ತರಿಸಿದ್ದೇನೆ. ಮೂರನೆಯದನ್ನು ರಾತ್ರಿಯೆಲ್ಲ ಯೋಚಿಸಿದೆ, ಬಗೆಹರಿಯಲಿಲ್ಲ. ನೀನೇ ಬರೆ. ಅವರಿಗೆ ಗುರುವಾರದೊಳಗೆ ಬೇಕಂತೆ. ಜೊತೆಗಿರುವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕು. ಸಂಭಾವನೆಯೂ ಇದೆ; ನಾನು ಕೊಡುವ ಗೌರವ ಪ್ರತಿಯಂಥದಲ್ಲ, ನಿಜವಾದ ಹಣ.

ಇಂತಿ,
ನಿನ್ನ ಸಂಪಾದಕ ಗೆಳೆಯ