ನೂಕಿದ ಸೈನ್ಯಕ್ಕೇ ಮತ್ತೆ ಯಾಕೆ ಹೋದರು?

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಸಲಿಂಗಿ ಅಂತ ಕತ್ತು ಹಿಡಿದು ನೂಕಿದ ಸೈನ್ಯಕ್ಕೆ ಮತ್ತೆ ಸೇರೋರಿಗೆ ಮಾನ ಇಲ್ವಾ?" ಅಂತ. ರಿಟೈರ್ ಆದ ಮೇಲೂ ಐದಕ್ಕೆ ಎದ್ದು ಬೂಟಿಗೆ ಪಾಲಿಶ್ ಹಾಕುವ ನೀನು ಕೇಳುವ ಮಾತಾ ಇದು?

ಅಮೆರಿಕದಲ್ಲಿ ಆದದ್ದು ಕೇಳು. 1993ರಲ್ಲಿ ಅಲ್ಲೊಂದು ಕಾನೂನು ಬಂತು, 'ಡೋಂಟ್ ಆಸ್ಕ್, ಡೋಂಟ್ ಟೆಲ್'. ಸೈನ್ಯ ಕೇಳುವುದಿಲ್ಲ, ನೀನೂ ಹೇಳಬೇಡ. ಗೊತ್ತಾದರೆ ಮನೆಗೆ. 2011ರ ಸೆಪ್ಟೆಂಬರ್ 20ರಂದು ಅದು ಹೋಗುವಷ್ಟರಲ್ಲಿ 13,000ಕ್ಕೂ ಜಾಸ್ತಿ ಜನ ಕೆಲಸ ಕಳೆದುಕೊಂಡಿದ್ದರು. ಅರಬ್ಬಿ ಬಲ್ಲವರಿಗೆ ಪರದಾಡುತ್ತಿದ್ದ ಕಾಲದಲ್ಲಿ ಅರಬ್ಬಿ ಬಲ್ಲವರನ್ನೂ ಕಳಿಸಿದರು!

ಆಮೇಲೆ ಬಾಗಿಲು ತೆರೆದರು, ಆದರೆ ಯಾರನ್ನೂ ಕರೆದು ಕೂರಿಸಲಿಲ್ಲ. ಎಲ್ಲರ ಹಾಗೆ ಅರ್ಜಿ ಹಾಕಬೇಕು. ವಯಸ್ಸು ಮೀರಿರಬಾರದು, ಮೈ ಗಟ್ಟಿಯಿರಬೇಕು, ಸೈನ್ಯಕ್ಕೆ ಆಗ ಜನ ಬೇಕಿರಬೇಕು. ಹಳೇ ರ್‍ಯಾಂಕ್ ಸಿಗುವ ಖಾತ್ರಿಯೂ ಇಲ್ಲ. ಜೊತೆಯಲ್ಲಿ ಸೇರಿದವನು ಅಷ್ಟರಲ್ಲಿ ಎಲ್ಲಿಗೋ ಏರಿರುತ್ತಾನೆ. ಸೀನಿಯಾರಿಟಿ ಹೋದರೆ ಹೇಗಿರುತ್ತದೆ ಅಂತ ನಿನಗೆ ನಾನು ಹೇಳಬೇಕಾ?

ಆದರೂ ಹೋದರು. ನೌಕಾಪಡೆಯಲ್ಲಿ ಭಾಷೆಯ ಕೆಲಸ ಮಾಡುತ್ತಿದ್ದ ಜೇಸ್ ಡೇನಿಯಲ್ಸ್ ಅವರನ್ನು ಒಂದಲ್ಲ, ಎರಡು ಸಲ ತೆಗೆದಿದ್ದರು. 2011ರ ಡಿಸೆಂಬರ್‌ನಲ್ಲಿ ಮತ್ತೆ ಪ್ರಮಾಣ ಮಾಡಿ ಸೇರಿದರು. ಆ ಕಾನೂನು ಬರುವುದಕ್ಕೂ ಹಿಂದೆ, ಸಲಿಂಗಿಗಳಿಗೆ ಸೈನ್ಯದಲ್ಲಿ ಜಾಗವೇ ಇಲ್ಲದಿದ್ದಾಗ, ಮಾರ್ಗರೆಥ್ ಕ್ಯಾಮರ್‌ಮೇಯರ್ ಅಂತ ಒಬ್ಬರು. ವಿಯೆಟ್ನಾಂನಲ್ಲಿ ನರ್ಸ್ ಆಗಿದ್ದವರು, ಕರ್ನಲ್. ವಿಚಾರಣೆಯಲ್ಲಿ ಕೇಳಿದಾಗ ಇದ್ದದ್ದನ್ನು ಹೇಳಿದರು, 1992ರಲ್ಲಿ ತೆಗೆದರು. ಕೋರ್ಟಿನಲ್ಲಿ ಗೆದ್ದು 1994ರಲ್ಲಿ ವಾಪಸ್ ಬಂದರು, 1997ರಲ್ಲಿ ತಲೆಯೆತ್ತಿ ನಿವೃತ್ತರಾದರು.

ಎಲ್ಲರೂ ಹಾಗೆ ಮಾಡಲಿಲ್ಲ. ಪೆರಿ ವಾಟ್ಕಿನ್ಸ್ ಅವರು ಕಡ್ಡಾಯ ಸೇವೆಗೆ ಕರೆ ಬಂದಾಗಲೇ ತಾನು ಸಲಿಂಗಿ ಅಂತ ಫಾರಂನಲ್ಲಿ ತುಂಬಿಕೊಟ್ಟಿದ್ದರು. ಆಗ ವಿಯೆಟ್ನಾಂ ಯುದ್ಧ, ಸುಮ್ನೆ ಸೇರಿಸಿಕೊಂಡರು. 1984ರಲ್ಲಿ, ಪೆನ್ಷನ್ ಹತ್ತಿರ ಬಂದಾಗ, ತೆಗೆದರು! ಕೇಸು ಗೆದ್ದರೂ ಅವರು ಮರಳಿ ಹೋಗಲಿಲ್ಲ. ಬಾಕಿ ಸಂಬಳ, ಪೆನ್ಷನ್, ಗೌರವದ ಬಿಡುಗಡೆ ಪತ್ರ ಪಡೆದು ಮುಗಿಸಿದರು. ಅದೂ ಸರಿಯೇ.

ಮಾನ ಹೋಗಬೇಕಾದ್ದು ತೆಗೆದವರದ್ದು ಕಣೋ. ಇವರು ಕೇಳಿದ್ದು ತಮ್ಮದೇ ಕೆಲಸ, ದಾನವಲ್ಲ.

ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಹಲ್ಲು ಕಿತ್ತಿತು. ಮರುವರ್ಷ ಜನವರಿಯಲ್ಲೇ ಆಗಿನ ಸೇನಾ ಮುಖ್ಯಸ್ಥರು ಸೇನೆಯಲ್ಲಿ ಅದಕ್ಕೆಲ್ಲ ಅವಕಾಶವಿಲ್ಲ ಅಂದರು. ನಿನ್ನ ಪ್ಲಟೂನಿನಲ್ಲೂ ಅಂಥವರು ಇದ್ದಿರಬಹುದು, ಅಲ್ವಾ? ನಿನ್ನ ಪಕ್ಕದಲ್ಲೇ ಡ್ಯೂಟಿ ಮಾಡಿರುತ್ತಾರೆ, ಬಾಯಿ ಬಿಟ್ಟಿರುವುದಿಲ್ಲ. ಬೈಯುವುದಿದ್ದರೆ ಭಾನುವಾರ ಫೋನ್ ಮಾಡಿ ಬೈ.

ನಿನ್ನ ಗೆಳೆಯ