ಶಿಕಾರಿ ವಿಷಯ ಅವರಿಗೆ ಹೀಗೆ ಹೇಳು, ಅಮ್ಮ

ಮ್ಯಾಡಿಸನ್, ವಿಸ್ಕಾನ್ಸಿನ್, ಅಮೆರಿಕ

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಅಪ್ಪನ ಮಂಡಿನೋವು ಹೇಗಿದೆ?

ನಿನ್ನ ಪತ್ರ ಬಂದಾಗಿನಿಂದ ಮನಸ್ಸು ಸರಿಯಿಲ್ಲ. ನಾನು ಹೊಡೆದ ಜಿಂಕೆಯ ಫೋಟೋ ಚಿಕ್ಕಿಯ ಫೋನಿನಿಂದ ಹುಡುಗಿ ಮನೆಗೆ ಹೋಯಿತು, ಅವಳಪ್ಪ ಮದುವೆ ಮಾತುಕತೆಯನ್ನೇ ನಿಲ್ಲಿಸಿದರು ಅಂತ ಬರೆದಿದ್ದೀಯ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸರ್ವೀಸೆಲ್ಲ ಕಾಡಿನಲ್ಲಿ ಉರುಳು ಕಿತ್ತು, ಕಳ್ಳಬೇಟೆಯವರನ್ನು ಹಿಡಿದವರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು ಸರಿಯೇ. ಅಜ್ಜನ ಕಾಲದಲ್ಲಿ ಹಳು ನುಗ್ಗಿಸಿ, ಪೊದೆಯಿಂದ ಪ್ರಾಣಿಗಳನ್ನು ಎಬ್ಬಿಸಿ, ಸಿಕ್ಕಿದ್ದನ್ನೆಲ್ಲ ಹೊಡೆದರು, ಲೆಕ್ಕ ಇಟ್ಟವರು ಯಾರು? ಆದರೆ ಅಜ್ಜನ ಕೇಪಿನ ಕೋವಿ ಒರೆಸುವಾಗ ಹಿಡಿದ ಹುಚ್ಚು ಇದು. ಬಿಟ್ಟುಬಿಟ್ಟೆ ಅಂತ ಅವರಿಗೆ ಸುಳ್ಳು ಹೇಳಲಾರೆ.

ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ಇದನ್ನೇ ತೋರಿಸು.

ಇಲ್ಲಿ ಜಿಂಕೆ ಬೇಟೆಗೆ ಕೋವಿ ಹಿಡಿಯುವ ಮುಖ್ಯ ಸೀಸನ್ ನವೆಂಬರಿನಲ್ಲಿ ಒಂಬತ್ತೇ ದಿನ. ಲೈಸೆನ್ಸ್ ಬೇಕು, ನನ್ನ ವಯಸ್ಸಿನವರು ಮೊದಲು ಕೋರ್ಸ್ ಪಾಸಾಗಬೇಕು. ಜಿಂಕೆ ಬಿದ್ದರೆ ಮಾರನೇ ದಿನ ಸಂಜೆ ಐದರೊಳಗೆ ಸರ್ಕಾರಕ್ಕೆ ವರದಿ ಕೊಡಬೇಕು. 2002ರಿಂದ ಇಲ್ಲಿನ ಜಿಂಕೆಗಳಿಗೆ ಮಿದುಳಿನ ಕಾಯಿಲೆ ಕಾಣಿಸಿಕೊಂಡಿದೆ. ಅದರ ಪರೀಕ್ಷೆಗೆ ರಸ್ತೆ ಪಕ್ಕ ಡಬ್ಬಗಳಿವೆ. ಜಿಂಕೆಯ ತಲೆಯನ್ನು ಕವರಿಗೆ ಹಾಕಿ, ಹೊಡೆದ ಜಾಗ ಬರೆದ ಚೀಟಿ ಕಟ್ಟಿ ಅದರಲ್ಲಿ ಇಟ್ಟು ಬರಬೇಕು. ಆಮೇಲೆ ರಿಸಲ್ಟ್ ಬರುತ್ತದೆ. ನೀನು ಮೂಗು ಮುಚ್ಚಿಕೊಳ್ಳುತ್ತೀಯ, ಗೊತ್ತು. ಆದರೆ ರೋಗ ಎಲ್ಲಿಗೆ ಹಬ್ಬಿದೆ ಅಂತ ಇಲಾಖೆಗೆ ತಿಳಿಯುವುದು ಹೆಚ್ಚಾಗಿ ಶಿಕಾರಿಯವರಿಂದಲೇ.

ದುಡ್ಡಿನ ವಿಷಯ ಅವರಿಗೆ ತಪ್ಪದೆ ಹೇಳು. ಇಲ್ಲಿನ 1937ರ ಕಾನೂನಿನ ಪ್ರಕಾರ ಬೇಟೆ ಕೋವಿ, ತೋಟಾಗಳ ಮೇಲೆ ಶೇ. 11 ತೆರಿಗೆ ಇದೆ. ಅದು ವನ್ಯಜೀವಿ ಕೆಲಸಕ್ಕೆಂದೇ ರಾಜ್ಯಗಳಿಗೆ ಹೋಗುತ್ತದೆ. ಲೈಸೆನ್ಸ್ ಹಣವೂ ಇಲಾಖೆಗೇ. ಈ ರಾಜ್ಯದಲ್ಲಿ ಕಾಡು ಟರ್ಕಿ ಕೋಳಿ 1800ರ ದಶಕದಲ್ಲೇ ನಿರ್ನಾಮವಾಗಿತ್ತು. 1976ರಲ್ಲಿ ಮಿಸ್ಸೌರಿ ರಾಜ್ಯಕ್ಕೆ ಗ್ರೌಸ್ ಹಕ್ಕಿ ಕೊಟ್ಟು, ಅಲ್ಲಿಂದ ಟರ್ಕಿ ತಂದು ಬಿಟ್ಟರು. ಈಗ ನಮ್ಮ ಬೀದಿಯಲ್ಲೇ ಹಿಂಡು ಅಡ್ಡ ಬಂದರೆ ಕಾರು ನಿಲ್ಲಿಸಿ ಕಾಯಬೇಕು! ವನ್ಯಜೀವಿ ನಿರ್ವಹಣೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದ ಆಲ್ಡೊ ಲಿಯೊಪೋಲ್ಡ್ ಇದೇ ಊರಿನ ವಿಶ್ವವಿದ್ಯಾಲಯದಲ್ಲಿ 1933ರಿಂದ ಪಾಠ ಮಾಡಿದವರು. ಅವರೂ ಶಿಕಾರಿಯವರೇ.

ಇದೇ ಪದ್ಧತಿ ನಮ್ಮ ಕಾಡಿಗೂ ಬರಲಿ ಅಂತ ನಾನು ಹೇಳುತ್ತಿಲ್ಲ. ಊರಿಗೆ ಬಂದಾಗ ಕೋವಿ ಮುಟ್ಟುವುದಿಲ್ಲ, ಹಂದಿ ತೋಟಕ್ಕೆ ನುಗ್ಗಿದರೂ ಮುಟ್ಟುವುದಿಲ್ಲ. ಇದನ್ನು ಬೇಕಾದರೆ ನಾನೇ ಅವರೆದುರು ಕೂತು ಹೇಳುತ್ತೇನೆ.

ನನ್ನ ಚಿಂತೆ ಖಂಡಿತ ಬೇಡ. ದೂರದಿಂದಲೇ ಕಾಣುವ ಕಿತ್ತಳೆ ಇಲ್ಲವೇ ಗುಲಾಬಿ ಬಣ್ಣದ ಅಂಗಿ ಕಡ್ಡಾಯ. ನಾನು ಅಂಗಿ, ಟೊಪ್ಪಿ ಎರಡನ್ನೂ ಕಿತ್ತಳೆ ಬಣ್ಣದ್ದೇ ಹಾಕುತ್ತೇನೆ. ಚಳಿಗೆ ಎರಡು ಜೊತೆ ಸಾಕ್ಸ್. ಒಬ್ಬನೇ ಹೋಗುವುದಿಲ್ಲ. ಊಟ, ನಿದ್ದೆ ಎಲ್ಲ ಸರಿಯಾಗಿದೆ, ಆಣೆಗೂ ಸರಿಯಾಗಿದೆ.

ಅಂದಹಾಗೆ, ಹುಡುಗಿ ಏನಂದಳು ಅಂತ ನೀನು ಬರೆದೇ ಇಲ್ಲ. ಅವಳನ್ನು ಯಾರಾದರೂ ಕೇಳಿದಿರಾ? ಚಿಕ್ಕಿಗೆ ಹೇಳಿ ಕೇಳಿಸು. ಅವಳಿಗೇ ಬೇಡವಾದರೆ ಮುಂದೆ ಮಾತೇ ಬೇಡ.

ಕೆಲಸಕ್ಕೆ ಹೊತ್ತಾಯಿತು. ಅಪ್ಪನ ಮಾತ್ರೆಗೆ ದುಡ್ಡು ಹಾಕಿದ್ದೇನೆ, ನೋಡಿಕೊಳ್ಳಿ. ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ ಮಗ